ಸೈಬರ್ ಹಣಕಾಸು ವಂಚನೆ

ಫೋನು, ಅಂತರಜಾಲ ಮತ್ತು ಡಿಜಿಟಲ್ ಪಾವತಿಯ ಮೂಲಕ ಜನರ ವೈಯಕ್ತಿಕ ಮಾಹಿತಿ ಕದ್ದು, ಅದರ ಬಲದಿಂದ ಹಣ ದೋಚುವ ಅಪರಾಧಗಳಿಗೆ ಒಟ್ಟಾಗಿ ಸೈಬರ್ ಹಣಕಾಸು ವಂಚನೆ ಎಂದು ಹೆಸರು. ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ನೀಡಿದ ಲೆಕ್ಕದ ಪ್ರಕಾರ ಭಾರತೀಯರು ಇಂಥ ವಂಚನೆಯಲ್ಲಿ ಕಳೆದುಕೊಂಡ ಹಣ 2023ರಲ್ಲಿ 7,465 ಕೋಟಿ ರೂಪಾಯಿ, 2024ರಲ್ಲಿ 22,845 ಕೋಟಿ ರೂಪಾಯಿ. ಒಂದೇ ವರ್ಷದಲ್ಲಿ ಮೂರು ಪಟ್ಟು ಏರಿಕೆ. ಇದೂ ದೂರು ಕೊಟ್ಟವರ ಲೆಕ್ಕ ಮಾತ್ರ. ಮಾನಕ್ಕೆ ಅಂಜಿ ಸುಮ್ಮನಾದವರು ಇದರಲ್ಲಿ ಸೇರಿಲ್ಲ.

ಬ್ಯಾಂಕಿನ ಕಂಪ್ಯೂಟರಿಗೆ ಕನ್ನ ಹಾಕಿ ಜನರ ಹಣ ಕದಿಯುವ ಪ್ರಕರಣಗಳು ಇದರಲ್ಲಿ ಕಡಿಮೆ. ಹೆಚ್ಚಿನವುಗಳಲ್ಲಿ ಒಟಿಪಿ ಹೇಳಿದವರು, ಪಿನ್ ಒತ್ತಿದವರು, ಬ್ಯಾಂಕಿಗೆ ಹೋಗಿ ಆರ್‌ಟಿಜಿಎಸ್ ಅರ್ಜಿ ಬರೆದುಕೊಟ್ಟವರು ಖಾತೆದಾರರೇ. ಕರೆ ಮಾಡಿದವನ ಕೈಯಲ್ಲಿ ಅವರ ಹೆಸರು, ವಿಳಾಸ, ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮೊದಲೇ ಇರುತ್ತವೆ. ಅಷ್ಟನ್ನು ಓದಿ ಹೇಳಿದ ಕೂಡಲೇ ಇತ್ತ ನಂಬಿಕೆ ಹುಟ್ಟುತ್ತದೆ. ಆಮೇಲೆ ಉಳಿಯುವುದು ಖಾತೆದಾರರೇ ಮಾಡಬೇಕಾದ ಕೊನೆಯ ಒಂದು ಕೆಲಸ. ಅದನ್ನು ಮಾಡಿಸಿಕೊಳ್ಳಲು ವಂಚಕರು ಎಲ್ಲ ಕಡೆಯೂ ಬಳಸುವುದು ಅವಸರ ಮತ್ತು ಗುಟ್ಟು: ಈಗಲೇ ಮಾಡಬೇಕು, ಯಾರಿಗೂ ಹೇಳಬಾರದು. ಹಾಗಾಗಿ ಮಾಹಿತಿ ಸೋರದಂತೆ ನೋಡಿಕೊಳ್ಳುವುದು ರಕ್ಷಣೆಯ ಅರ್ಧ ಮಾತ್ರ. ಸೋರಿದ ಮಾಹಿತಿಯನ್ನು ಹಿಡಿದುಕೊಂಡು ಯಾರಾದರೂ ಬಂದಾಗ ಕೈಕೆಲಸ ನಿಲ್ಲಿಸಿ ಮನೆಯ ಇನ್ನೊಬ್ಬರನ್ನು ಕೇಳುವುದು ಇನ್ನರ್ಧ. ಎರಡರಲ್ಲಿ ಹೆಚ್ಚು ಮುಖ್ಯವಾದದ್ದು ಇದೇ.

ಮಾಹಿತಿ ಸೋರುವ ದಾರಿ

ಲಾಡ್ಜಿನ ಕೌಂಟರಿನಲ್ಲಿ ಕೊಟ್ಟ ಆಧಾರ್ ಜೆರಾಕ್ಸ್, ಸಿಮ್ ಅಂಗಡಿಯಲ್ಲಿ ಉಳಿದ ಪ್ಯಾನ್ ಪ್ರತಿ, ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಅಳಿಸದೆ ಬಿಟ್ಟ ಪಿಡಿಎಫ್, ಮಾಲ್‌ನಲ್ಲಿ ಲಕ್ಕಿ ಡ್ರಾ ಎಂದು ತುಂಬಿದ ಚೀಟಿ, ಕಸಕ್ಕೆ ಹಾಕಿದ ಪಾರ್ಸಲ್ ಡಬ್ಬದ ಮೇಲಿನ ಹೆಸರು ಮತ್ತು ಫೋನ್ ನಂಬರು, ಇವೆಲ್ಲ ಸೋರುವ ದಾರಿಗಳೇ. ಸಂಸ್ಥೆಗಳಿಂದ ಕದ್ದ ಗ್ರಾಹಕರ ಪಟ್ಟಿಗಳೂ ಮಾರಾಟಕ್ಕೆ ಸಿಗುತ್ತವೆ. ಇವುಗಳ ಪೈಕಿ ನಮ್ಮ ಹಿಡಿತದಲ್ಲಿರುವುದು ಕೆಲವು ಮಾತ್ರ ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಕರ್ನಾಟಕದಲ್ಲಿ ಇದಕ್ಕೆ ಕಣ್ಣೆದುರಿನ ಸಾಕ್ಷಿ 2023ರಲ್ಲಿ ಸಿಕ್ಕಿತು. ಆ ವರ್ಷ ಬೆಂಗಳೂರು, ಮಂಗಳೂರು ಮುಂತಾದ ಕಡೆ ಹಲವರ ಖಾತೆಗಳಿಂದ ಒಟಿಪಿಯೂ ಇಲ್ಲದೆ, ಕರೆಯೂ ಬಾರದೆ ಹಣ ಹೋಗತೊಡಗಿತು. ಅವರಲ್ಲಿ ಅನೇಕರು ಸ್ವಲ್ಪ ದಿನಗಳ ಹಿಂದೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಜಮೀನು, ಮನೆ ಇಲ್ಲವೆ ಕರಾರು ಪತ್ರ ನೋಂದಾಯಿಸಿಕೊಂಡವರು. ನೋಂದಣಿ ಪತ್ರದಲ್ಲಿ ಹೆಬ್ಬೆಟ್ಟಿನ ಗುರುತೂ ಆಧಾರ್ ಸಂಖ್ಯೆಯೂ ಒಟ್ಟಿಗೇ ಇರುತ್ತವೆ, ಮತ್ತು ಆ ಪತ್ರಗಳ ಪ್ರತಿ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಪಡೆಯಲು ಸಿಗುತ್ತಿತ್ತು. ವಂಚಕರು ಬೆರಳಚ್ಚನ್ನು ಸಿಲಿಕೋನ್ ಹಾಳೆಯ ಮೇಲೆ ಅಚ್ಚೊತ್ತಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಯಂತ್ರದ ಮೇಲೆ ಇಟ್ಟು ಹಣ ತೆಗೆದರು. ಹಳ್ಳಿಯ ಬ್ಯಾಂಕ್ ಮಿತ್ರರ ಹತ್ತಿರ ಇರುವುದು ಇದೇ ಯಂತ್ರ. ಅದಕ್ಕೆ ಬೇಕಾದದ್ದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳು, ಅಷ್ಟೇ. ಒಂದು ಸಲಕ್ಕೆ 10,000 ರೂಪಾಯಿ ಮಿತಿ ಇರುವುದರಿಂದ ಪಾಸ್‌ಬುಕ್ಕಿನಲ್ಲಿ ಸಾಲಾಗಿ ಹತ್ತು ಹತ್ತು ಸಾವಿರದ ನಮೂದು ಕಾಣುತ್ತಿದ್ದವು. ತಮ್ಮ ಖಾತೆಗೆ ಇಂಥ ಒಂದು ಬಾಗಿಲು ಇದೆಯೆಂದೇ ಅವರಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಪೊಲೀಸರು ನೋಂದಣಿ ಇಲಾಖೆಗೆ ಬರೆದ ಮೇಲೆ ಪತ್ರಗಳಲ್ಲಿನ ಬೆರಳಚ್ಚು, ಆಧಾರ್ ಸಂಖ್ಯೆಗಳನ್ನು ಮರೆಮಾಡುವ ಕೆಲಸ ಶುರುವಾಯಿತು. ಇಲ್ಲಿ ಖಾತೆದಾರರು ಯಾವ ತಪ್ಪನ್ನೂ ಮಾಡಿರಲಿಲ್ಲ. ಸರ್ಕಾರ ಕೇಳಿದ್ದನ್ನು ಸರ್ಕಾರಿ ಕಚೇರಿಯಲ್ಲೇ ಕೊಟ್ಟಿದ್ದರು. ಎಚ್ಚರಿಕೆಯ ಹೊಣೆಯನ್ನೆಲ್ಲ ಜನರ ತಲೆಗೇ ಕಟ್ಟುವವರು ಈ ಪ್ರಕರಣವನ್ನು ನೆನಪಿಟ್ಟುಕೊಳ್ಳಬೇಕು.

ಇದಕ್ಕೆ ಪರಿಹಾರ ಆಧಾರ್‌ನ ಬಯೋಮೆಟ್ರಿಕ್ ಲಾಕ್. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಆ್ಯಪ್‌ನಲ್ಲಿ ಬೆರಳು, ಕಣ್ಣು, ಮುಖದ ಗುರುತನ್ನು ಬೀಗ ಹಾಕಿ ಇಡಬಹುದು, ಬೇಕಾದಾಗ ತುಸು ಹೊತ್ತಿನ ಮಟ್ಟಿಗೆ ತೆರೆಯಬಹುದು. ಒಂದು ತೊಡಕಿದೆ: ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಕೊಟ್ಟು ಪಡಿತರ ತರುವ ಮನೆಗಳಲ್ಲಿ ಬೀಗ ಹಾಕಿದ್ದನ್ನು ಮರೆತರೆ ಆ ದಿನ ಅಕ್ಕಿ ಸಿಗುವುದಿಲ್ಲ. ಗುರುತಿಗಾಗಿ ಪ್ರತಿ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಟ್ಟರೆ ಸಾಕು. ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದು ಎಂದು ಅಡ್ಡಲಾಗಿ ಬರೆದು ಸಹಿ ಹಾಕುವ ಹಳೆಯ ಅಭ್ಯಾಸವೂ ಒಳ್ಳೆಯದೇ.

ಡಿಜಿಟಲ್ ಅರೆಸ್ಟ್

ವಂಚನೆಯ ಬಗೆಗಳಲ್ಲಿ ಅತಿ ಕ್ರೂರವಾದದ್ದು ಇದು. ಮೊದಲು ಧ್ವನಿಮುದ್ರಿತ ಕರೆ ಬರುತ್ತದೆ: ನಿಮ್ಮ ನಂಬರು ಎರಡು ಗಂಟೆಯಲ್ಲಿ ಬಂದ್ ಆಗಲಿದೆ, ಹೆಚ್ಚಿನ ಮಾಹಿತಿಗೆ 9 ಒತ್ತಿ. ಇಲ್ಲವೆ ಕೊರಿಯರ್ ಕಂಪನಿಯವನೆಂದು ಹೇಳಿಕೊಂಡವನು, ನಿಮ್ಮ ಹೆಸರಿನಲ್ಲಿ ಹೊರದೇಶಕ್ಕೆ ಹೋಗುತ್ತಿದ್ದ ಪಾರ್ಸಲ್ಲಿನಲ್ಲಿ ಮಾದಕವಸ್ತು, ಪಾಸ್‌ಪೋರ್ಟು ಸಿಕ್ಕಿವೆ ಎನ್ನುತ್ತಾನೆ. ಆ ಪಾರ್ಸಲ್ ನಮ್ಮದಲ್ಲ ಎಂದರೆ, ಹಾಗಾದರೆ ಮುಂಬೈ ಪೊಲೀಸರಿಗೆ ಹೇಳಿಕೆ ಕೊಟ್ಟುಬಿಡಿ ಎಂದು ಕರೆಯನ್ನು ವರ್ಗಾಯಿಸುತ್ತಾನೆ. ಅಲ್ಲಿಂದ ವಿಡಿಯೊ. ಪರದೆಯ ಆಚೆ ಸಮವಸ್ತ್ರ, ಗೋಡೆಯ ಮೇಲೆ ಲಾಂಛನ, ವೈರ್‌ಲೆಸ್ ಸದ್ದು. ಸುಪ್ರೀಂ ಕೋರ್ಟಿನ ಮೊಹರು ಇರುವ ಬಂಧನದ ವಾರಂಟು ವಾಟ್ಸ್‌ಆ್ಯಪ್‌ಗೆ ಬರುತ್ತದೆ, ರಿಸರ್ವ್ ಬ್ಯಾಂಕಿನ ಪತ್ರ ಬರುತ್ತದೆ. ಇದು ದೇಶದ ಭದ್ರತೆಯ ವಿಷಯ, ಮನೆಯವರಿಗೆ ಹೇಳಿದರೆ ಅವರೂ ಆರೋಪಿಗಳಾಗುತ್ತಾರೆ ಎನ್ನುತ್ತಾರೆ. ಕ್ಯಾಮೆರಾ ಮುಂದಿನಿಂದ ಏಳುವಂತಿಲ್ಲ, ನಿದ್ದೆ ಮಾಡುವಾಗಲೂ ಫೋನು ಆನ್ ಇರಬೇಕು. ಕೊನೆಗೆ, ಹಣ ಸಕ್ರಮವೋ ಅಲ್ಲವೋ ಪರಿಶೀಲಿಸಬೇಕು, ಎಲ್ಲವನ್ನೂ ಈ ಖಾತೆಗೆ ಹಾಕಿ, ತನಿಖೆ ಮುಗಿದ ಮೇಲೆ ಹಿಂದಿರುಗುತ್ತದೆ ಎಂಬ ಮಾತು. ಬ್ಯಾಂಕಿನವರು ಕೇಳಿದರೆ ಸೈಟ್ ಕೊಳ್ಳಲು ಎನ್ನಬೇಕು ಎಂದೂ ಹೇಳಿಕೊಟ್ಟಿರುತ್ತಾರೆ.

2024ರ ಆಗಸ್ಟ್‌ನಲ್ಲಿ ಪಂಜಾಬಿನ ದೊಡ್ಡ ಜವಳಿ ಉದ್ಯಮಿಯೊಬ್ಬರು ಹೀಗೆ 7 ಕೋಟಿ ರೂಪಾಯಿ ಕಳೆದುಕೊಂಡರು. ಅವರಿಗಾಗಿ ವಿಡಿಯೊದಲ್ಲಿ ಸುಪ್ರೀಂ ಕೋರ್ಟಿನ ವಿಚಾರಣೆಯನ್ನೇ ನಾಟಕವಾಡಲಾಗಿತ್ತು. ಆಗಿನ ಮುಖ್ಯ ನ್ಯಾಯಮೂರ್ತಿಗಳ ಹೆಸರಿನಲ್ಲಿ ಒಬ್ಬ ಕುಳಿತು ಆದೇಶ ಹೊರಡಿಸಿದ. ಬೆಂಗಳೂರಿನ ಮಹಿಳೆಯೊಬ್ಬರು ತಿಂಗಳುಗಟ್ಟಲೆ ಇಂಥ ನಿಗಾದಲ್ಲಿ ಸಿಕ್ಕಿ 187 ಸಲ ಹಣ ವರ್ಗಾಯಿಸಿ ಸುಮಾರು 32 ಕೋಟಿ ಕಳೆದುಕೊಂಡದ್ದು 2025ರ ನವೆಂಬರಿನಲ್ಲಿ ಬಯಲಿಗೆ ಬಂತು. ಅದೇ ವರ್ಷ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯ ವೃದ್ಧ ದಂಪತಿ ಈ ಕಿರುಕುಳ ತಾಳಲಾರದೆ ಪ್ರಾಣ ಬಿಟ್ಟರು.

ಓದಿದವರು, ಅಧಿಕಾರದಲ್ಲಿದ್ದವರು ಹೇಗೆ ಬೀಳುತ್ತಾರೆ ಎಂದು ಜನ ಕೇಳುತ್ತಾರೆ. ಕಾನೂನಿಗೆ ಹೆದರುವವರು, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದೇ ಅವಮಾನ ಎಂದು ಬದುಕಿದವರು, ಅಧಿಕಾರಿಯ ಮಾತಿಗೆ ಎದುರಾಡದವರು ಇವರು. ಅವರ ಒಳ್ಳೆಯತನವೇ ಇಲ್ಲಿ ಆಯುಧವಾಗುತ್ತದೆ. ಒಂಟಿಯಾಗಿರುವ ಹಿರಿಯರು, ಮಕ್ಕಳು ಹೊರದೇಶದಲ್ಲಿರುವ ತಂದೆತಾಯಿಯರು ಹೆಚ್ಚು ಸಿಕ್ಕಿಬೀಳುವುದಕ್ಕೆ ಪಕ್ಕದಲ್ಲಿ ಕೇಳಲು ಯಾರೂ ಇಲ್ಲದಿರುವುದೇ ಕಾರಣ.

ಕಾನೂನಿನ ನಿಲುವು ಸ್ಪಷ್ಟವಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಬಂಧಿಸಿದರೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪೊಲೀಸರು ಆರೋಪಿಗೆ ಕೊಡುವ ಹಾಜರಾತಿ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಕ್ರಮಬದ್ಧವಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಯಾವ ತನಿಖಾ ಸಂಸ್ಥೆಯೂ ಪರಿಶೀಲನೆಗೆಂದು ಹಣ ಹಾಕಿಸಿಕೊಳ್ಳುವುದಿಲ್ಲ. ಪ್ರಧಾನಿ 2024ರ ಅಕ್ಟೋಬರ್ 27ರ ‘ಮನದ ಮಾತು’ ಕಾರ್ಯಕ್ರಮದಲ್ಲಿ ಈ ವಿಷಯ ಎತ್ತಿದರು. 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಈ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಅಂಥ ಕರೆ ಬಂದಾಗ ಮಾಡಬೇಕಾದದ್ದು ಕರೆ ಕಟ್ ಮಾಡುವುದು, ಮನೆಯವರಿಗೆ ಹೇಳುವುದು. ಸಂಶಯ ಉಳಿದರೆ ನಮ್ಮೂರ ಠಾಣೆಗೆ ನಾವೇ ಹೋಗಿ ಕೇಳಬಹುದು.

ಎಪಿಕೆ ಕಡತ ಮತ್ತು ಫೋನಿನ ಅಪಹರಣ

ವಾಟ್ಸ್‌ಆ್ಯಪ್‌ನಲ್ಲಿ ಪರಿಚಿತರ ನಂಬರಿನಿಂದಲೇ ಒಂದು ಕಡತ ಬರುತ್ತದೆ. ಹೆಸರು ಮದುವೆ ಆಮಂತ್ರಣ ಎಂದೋ, ಆರ್‌ಟಿಒ ಚಲನ್ ಎಂದೋ, ಪಿಎಂ ಕಿಸಾನ್ ಪಟ್ಟಿ ಎಂದೋ ಇರುತ್ತದೆ. ಹೆಸರಿನ ಬಾಲದಲ್ಲಿ ಎಪಿಕೆ ಎಂಬ ಮೂರು ಅಕ್ಷರ. ಅದು ಚಿತ್ರವೂ ಅಲ್ಲ, ಪಿಡಿಎಫ್ ಕೂಡ ಅಲ್ಲ, ಆಂಡ್ರಾಯ್ಡ್ ಫೋನಿನಲ್ಲಿ ಸ್ಥಾಪನೆಯಾಗುವ ಆ್ಯಪ್. ಒತ್ತಿದಾಗ, ಗೊತ್ತಿಲ್ಲದ ಮೂಲದಿಂದ ಬಂದ ಆ್ಯಪ್ ಇದು ಎಂದು ಫೋನು ಎಚ್ಚರಿಸುತ್ತದೆ. ಅದನ್ನು ದಾಟಿದರೆ ಎಸ್‌ಎಂಎಸ್ ಓದಲು, ಕಳಿಸಲು ಅನುಮತಿ ಕೇಳುತ್ತದೆ. ಕೊಟ್ಟ ಮೇಲೆ ಪರದೆಯಲ್ಲಿ ಏನೂ ಕಾಣುವುದಿಲ್ಲ, ಕೆಲವು ಸಲ ಆ್ಯಪ್‌ನ ಗುರುತೇ ಮಾಯವಾಗುತ್ತದೆ. ಅಲ್ಲಿಂದ ಮುಂದೆ ಬ್ಯಾಂಕಿನ ಒಟಿಪಿ ಎಲ್ಲ ವಂಚಕನ ಕಡೆಗೂ ಹೋಗುತ್ತಿರುತ್ತದೆ, ಮತ್ತು ಅದೇ ಕಡತ ಈ ಫೋನಿನಿಂದ ನೆಂಟರಿಷ್ಟರಿಗೆಲ್ಲ ಹೊರಡುತ್ತದೆ. ಕಳಿಸಿದವರು ಗೊತ್ತಿರುವವರು ಎಂಬುದು ಇಲ್ಲಿ ಯಾವ ಖಾತರಿಯೂ ಅಲ್ಲ. ಆಮಂತ್ರಣ ತೋರಿಸಲು ಚಿತ್ರ, ವಿಡಿಯೊ ಅಥವಾ ಪಿಡಿಎಫ್ ಸಾಕು, ಆ್ಯಪ್ ಬೇಕಾಗುವುದೇ ಇಲ್ಲ.

ಕೈತಪ್ಪಿ ಸ್ಥಾಪನೆಯಾಗಿದ್ದರೆ ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಬೇಕು. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಯುಪಿಐ ಮತ್ತು ನೆಟ್‌ಬ್ಯಾಂಕಿಂಗ್ ನಿಲ್ಲಿಸಬೇಕು. ಆಮೇಲೆ ಆ್ಯಪ್ ತೆಗೆದು, ಬೇಕಾದ ಫೋಟೊಗಳನ್ನು ಉಳಿಸಿಕೊಂಡು, ಫೋನನ್ನು ಪೂರ್ತಿ ರೀಸೆಟ್ ಮಾಡುವುದು ಸುರಕ್ಷಿತ. ಪಾಸ್‌ವರ್ಡುಗಳನ್ನು ಬೇರೆ ಸಾಧನದಿಂದಲೇ ಬದಲಾಯಿಸಬೇಕು, ಏಕೆಂದರೆ ಸೋಂಕಿರುವ ಫೋನಿನಲ್ಲಿ ಬದಲಾಯಿಸಿದ ಪಾಸ್‌ವರ್ಡು ವಂಚಕನಿಗೂ ತಿಳಿಯಬಹುದು.

ಫೋನನ್ನು ಹಿಡಿತಕ್ಕೆ ತೆಗೆದುಕೊಳ್ಳಲು ಬೇರೆ ದಾರಿಗಳೂ ಇವೆ. ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ನಮ್ಮ ಪರದೆಯನ್ನೇ ನೋಡುತ್ತಾರೆ; ರಿಸರ್ವ್ ಬ್ಯಾಂಕ್ 2019ರಲ್ಲೇ ಇದರ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. *401# ಎಂದು ಶುರುವಾಗುವ ಸಂಖ್ಯೆ ಒತ್ತಿಸಿ ನಮ್ಮ ಕರೆಗಳು ತಮಗೆ ಬರುವಂತೆ ಮಾಡಿಕೊಳ್ಳುತ್ತಿದ್ದರು. ಆ ಸೌಲಭ್ಯವನ್ನು ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ನಿಲ್ಲಿಸಿತು. ನಮ್ಮ ಹೆಸರಿನಲ್ಲಿ ನಕಲಿ ಸಿಮ್ ಪಡೆದು ಒಟಿಪಿ ತರಿಸಿಕೊಳ್ಳುವುದು ಇನ್ನೊಂದು ದಾರಿ. ಫೋನಿನಲ್ಲಿ ಇದ್ದಕ್ಕಿದ್ದಂತೆ ಸಿಗ್ನಲ್ ಹೋಗಿ ಗಂಟೆಗಟ್ಟಲೆ ಬಾರದಿದ್ದರೆ ಟವರಿನ ತೊಂದರೆ ಎಂದು ಸುಮ್ಮನಿರದೆ ಕಂಪನಿಯನ್ನೂ ಬ್ಯಾಂಕನ್ನೂ ವಿಚಾರಿಸಬೇಕು.

ಯುಪಿಐ, ಸಾಲ, ಹೂಡಿಕೆ

ಯುಪಿಐ 2016ರಲ್ಲಿ ಬಂದ ವ್ಯವಸ್ಥೆ. ತರಕಾರಿ ಗಾಡಿಯವರೆಗೂ ತಲುಪಿದ ಅದರ ಸರಳತೆಯನ್ನೇ ವಂಚಕರು ಬಳಸಿಕೊಂಡರು. ಹಳೆಯ ಸೋಫಾ ಮಾರಾಟಕ್ಕಿಟ್ಟವರಿಗೆ ಸೇನೆಯವನೆಂದು ಹೇಳಿಕೊಂಡವನು ಕರೆ ಮಾಡಿ, ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾನೆ. ಹಣ ಪಡೆಯುವುದಕ್ಕೆ ಪಿನ್ ಬೇಡ, ಸ್ಕ್ಯಾನೂ ಬೇಡ. ಪಿನ್ ಒತ್ತಿದರೆ ಹಣ ಹೋಗುವುದು ನಮ್ಮ ಖಾತೆಯಿಂದಲೇ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೋರುವ ವಿನಂತಿಯನ್ನೇ ರಾಷ್ಟ್ರೀಯ ಪಾವತಿ ನಿಗಮ 2025ರ ಅಕ್ಟೋಬರ್ 1ರಿಂದ ರದ್ದು ಮಾಡಿತು. ತಪ್ಪಾಗಿ ನಿಮಗೆ 5,000 ಹಾಕಿಬಿಟ್ಟೆ, ವಾಪಸು ಕಳಿಸಿ ಎಂದು ಅಳುವವರ ಸಂದೇಶವನ್ನು ನಂಬದೆ ಖಾತೆಯ ಬಾಕಿಯನ್ನು ತೆರೆದು ನೋಡಬೇಕು. ಹಣ ಜಮಾ ಆಗಿದೆ ಎಂದು ಬ್ಯಾಂಕಿನಿಂದ ಬಂದಂತೆ ಕಾಣುವ ಎಸ್‌ಎಂಎಸ್ ಅನ್ನು ಅವರೇ ಟೈಪ್ ಮಾಡಿರುತ್ತಾರೆ. ಈ ರಾತ್ರಿ 9.30ಕ್ಕೆ ಕರೆಂಟ್ ಕಡಿತ ಎಂದು 2022ರಲ್ಲಿ ಊರೂರಿಗೆ ಬಂದ ಸಂದೇಶಗಳೂ ಇಂಥ ನಕಲಿಯೇ, ಸಾಮಾನ್ಯ ಹತ್ತಂಕಿಯ ನಂಬರಿನಿಂದ ಬಂದವು.

ಗೂಗಲ್‌ನಲ್ಲಿ ಗ್ರಾಹಕ ಸೇವೆಯ ನಂಬರು ಹುಡುಕುವುದು ಅಪಾಯಕಾರಿ ಅಭ್ಯಾಸ. ಮೇಲೆ ಕಾಣುವ ನಂಬರನ್ನು ವಂಚಕರೇ ಹಾಕಿರಬಹುದು. ಕಾರ್ಡಿನ ಹಿಂಬದಿ, ಪಾಸ್‌ಬುಕ್ಕು, ಬಿಲ್ಲಿನ ಮೇಲಿರುವ ನಂಬರನ್ನೇ ಬಳಸಬೇಕು.

ತತ್‌ಕ್ಷಣ ಸಾಲ ಕೊಡುವ ಆ್ಯಪ್‌ಗಳು ಕೊರೊನಾ ಕಾಲದಲ್ಲಿ ಬಡವರನ್ನೂ ಕೆಲಸ ಹೋದವರನ್ನೂ ಹಿಂಡಿದವು. ಫೋನಿನ ಸಂಪರ್ಕ ಪಟ್ಟಿ, ಫೋಟೊಗಳನ್ನು ಹೀರಿಕೊಂಡು, ಕಂತು ತಡವಾದರೆ ತಿರುಚಿದ ಅಶ್ಲೀಲ ಚಿತ್ರಗಳನ್ನು ನೆಂಟರಿಗೆ ಕಳಿಸಿದರು. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದಂತೆ ಸಾಲದ ಹಣ ನೇರವಾಗಿ ಸಾಲಗಾರರ ಖಾತೆಗೇ ಬರಬೇಕು, ಆ್ಯಪ್‌ಗಳು ಸಂಪರ್ಕ ಪಟ್ಟಿ, ಕರೆ ವಿವರ, ಫೋಟೊಗಳನ್ನು ಮುಟ್ಟುವಂತಿಲ್ಲ. ಮುಟ್ಟಲು ಅನುಮತಿ ಕೇಳುವ ಆ್ಯಪ್ ಅಲ್ಲಿಗೇ ಅನುಮಾನಕ್ಕೆ ಅರ್ಹ.

ಹೂಡಿಕೆಯ ವಂಚನೆ ನಿಧಾನವಾದದ್ದು. ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ಗುಂಪಿನಲ್ಲಿ ಲಾಭದ ಚಿತ್ರ ಹಾಕುವವರೆಲ್ಲ ಅದೇ ಜಾಲದವರು. ನಕಲಿ ಟ್ರೇಡಿಂಗ್ ಆ್ಯಪ್‌ನಲ್ಲಿ ಹಣ ಬೆಳೆಯುತ್ತಿರುವಂತೆ ಕಾಣುತ್ತದೆ. ಮೊದಮೊದಲು ಸಣ್ಣ ಮೊತ್ತ ಹಿಂತೆಗೆಯಲು ಬಿಡುತ್ತಾರೆ, ಅದೇ ಎರೆ. ದೊಡ್ಡ ಮೊತ್ತ ತೆಗೆಯಲು ಹೋದಾಗ ತೆರಿಗೆ ಕಟ್ಟಿ, ಶುಲ್ಕ ಕಟ್ಟಿ ಎಂದು ಮತ್ತಷ್ಟು ಹಾಕಿಸಿಕೊಳ್ಳುತ್ತಾರೆ. ವಿಡಿಯೊಗೆ ಲೈಕ್ ಒತ್ತಿದರೆ ಸಂಬಳ ಎನ್ನುವ ಅರೆಕಾಲಿಕ ಕೆಲಸದ ವಂಚನೆಯೂ ಇದೇ ಅಚ್ಚಿನದು. ನೋಂದಾಯಿತ ದಲ್ಲಾಳಿಗಳು ಮತ್ತು ಮ್ಯೂಚುವಲ್ ಫಂಡ್‌ಗಳಿಗಾಗಿ ಸೆಬಿ 2025ರ ಅಕ್ಟೋಬರಿನಿಂದ ‘ವ್ಯಾಲಿಡ್’ ಎಂಬ ಪದವಿರುವ ವಿಶೇಷ ಯುಪಿಐ ವಿಳಾಸಗಳನ್ನು ಜಾರಿಗೆ ತಂದಿದೆ. ಹಣ ಹಾಕುವ ಮೊದಲು ಅದನ್ನು ನೋಡಬಹುದು.

ಕೃತಕ ಬುದ್ಧಿಮತ್ತೆ ಮುಖ ಮತ್ತು ದನಿಯನ್ನೂ ನಂಬದಂತೆ ಮಾಡಿದೆ. 2023ರ ಜುಲೈನಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿವೃತ್ತ ಉದ್ಯೋಗಿಯೊಬ್ಬರಿಗೆ ಹಳೆಯ ಸಹೋದ್ಯೋಗಿಯ ಮುಖದಲ್ಲೇ ವಿಡಿಯೊ ಕರೆ ಬಂತು. ಆಸ್ಪತ್ರೆ ಖರ್ಚಿಗೆಂದು 40,000 ರೂಪಾಯಿ ಕೇಳಿತು. ಅವರು ಕೊಟ್ಟರು. ಮತ್ತೆ ಕೇಳಿದಾಗ ಸಂಶಯ ಬಂದು, ಆ ಗೆಳೆಯನ ಹಳೆಯ ನಂಬರಿಗೆ ತಾವೇ ಕರೆ ಮಾಡಿದರು. ಗೆಳೆಯನಿಗೆ ಏನೂ ಗೊತ್ತಿರಲಿಲ್ಲ. ಅವರು ತಕ್ಷಣ ದೂರು ಕೊಟ್ಟದ್ದರಿಂದ ಹಣ ತಡೆಯಲು ಸಾಧ್ಯವಾಯಿತು.

ಹಿಂದಿರುವ ಜಾಲ

ಜಾರ್ಖಂಡದ ಜಾಮ್‌ತಾರಾ, ಹರಿಯಾಣ ಮತ್ತು ರಾಜಸ್ಥಾನದ ಗಡಿಯ ಮೇವಾತ್ ಒಂದು ಕಾಲಕ್ಕೆ ಬ್ಯಾಂಕಿನವರಂತೆ ಮಾತಾಡಿ ಒಟಿಪಿ ಕೇಳುವವರಿಗೆ ಹೆಸರಾಗಿದ್ದವು. ಈಗ ದೊಡ್ಡ ಜಾಲಗಳು ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್‌ನ ಬೇಲಿ ಹಾಕಿದ ಆವರಣಗಳಲ್ಲಿವೆ. ಅಲ್ಲಿ ಕುಳಿತು ಕರೆ ಮಾಡುವವರಲ್ಲಿ ಅನೇಕರು ಡೇಟಾ ಎಂಟ್ರಿ ಕೆಲಸದ ಆಸೆಗೆ ಹೋಗಿ ಪಾಸ್‌ಪೋರ್ಟ್ ಕಳೆದುಕೊಂಡ ಭಾರತದ ಯುವಕರು. ಮ್ಯಾನ್ಮಾರಿನ ಗಡಿಯಿಂದ ಬಿಡುಗಡೆಯಾದ ನೂರಾರು ಜನರನ್ನು ಭಾರತ 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನದಲ್ಲಿ ಕರೆತಂದಿತು. ಈ ವಂಚನೆಯಲ್ಲಿ ಫೋನಿನ ಎರಡೂ ತುದಿಯಲ್ಲಿ ಬಲಿಯಾದವರೇ ಇರಬಹುದು ಎಂಬುದು ಸಂಕಟದ ಮಾತು.

ಕದ್ದ ಹಣ ಸಾಗುವುದು ಬಾಡಿಗೆ ಖಾತೆಗಳ ಮೂಲಕ. ಒಂದು ಖಾತೆಗೆ ಬಿದ್ದ ಹಣ ನಿಮಿಷಗಳಲ್ಲಿ ಹತ್ತಾರು ಖಾತೆಗೆ ಒಡೆದು, ನಗದಾಗಿ ಇಲ್ಲವೆ ಕ್ರಿಪ್ಟೊ ಆಗಿ ಹೊರಬೀಳುತ್ತದೆ. ಕೆಲವು ಸಾವಿರ ರೂಪಾಯಿಗೆ ತಮ್ಮ ಖಾತೆ, ಎಟಿಎಂ ಕಾರ್ಡು, ಸಿಮ್ ಕೊಡುವವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಕೂಲಿಯವರೂ ಇದ್ದಾರೆ. ಪೊಲೀಸರು ಮೊದಲು ಬಾಗಿಲು ತಟ್ಟುವುದು ಅವರ ಮನೆಯದ್ದೇ. ಇಂಥ ಖಾತೆಗಳನ್ನು ಪತ್ತೆಹಚ್ಚಲು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಶನ್ ಹಬ್ ‘ಮ್ಯೂಲ್‌ಹಂಟರ್’ ಎಂಬ ಸಾಧನವನ್ನು ರೂಪಿಸಿದೆ. ಬಾಡಿಗೆ ಖಾತೆ ಸುಲಭವಾಗಿ ಸಿಗುವವರೆಗೂ ಜನರಿಗೆ ಎಷ್ಟು ಎಚ್ಚರಿಕೆ ಹೇಳಿದರೂ ಅದು ಅರ್ಧ ಕೆಲಸವೇ.

ಮುಂಜಾಗ್ರತೆ

ದಿನದ ಯುಪಿಐಗೆ ಬೇರೆ ಖಾತೆ ಇಟ್ಟುಕೊಂಡು ಅದರಲ್ಲಿ ತಿಂಗಳ ಖರ್ಚಿನಷ್ಟೇ ಹಣ ಇಡುವುದು ಎಲ್ಲಕ್ಕಿಂತ ಸುಲಭದ, ಎಲ್ಲಕ್ಕಿಂತ ಫಲ ಕೊಡುವ ಕ್ರಮ. ಏನೇ ಆದರೂ ಹೋಗುವುದು ಅಷ್ಟೇ. ಕಾರ್ಡಿನ ಆನ್‌ಲೈನ್ ಮತ್ತು ಅಂತರರಾಷ್ಟ್ರೀಯ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲೇ ನಿಲ್ಲಿಸಿ ಇಡಬಹುದು, ಮಿತಿ ಹಾಕಬಹುದು. 2020ರ ಅಕ್ಟೋಬರಿನಿಂದ ಎಲ್ಲ ಬ್ಯಾಂಕುಗಳೂ ಈ ಸೌಲಭ್ಯ ಕೊಡಬೇಕಾಗಿದೆ. ಇಮೇಲ್ ಪಾಸ್‌ವರ್ಡನ್ನು ಉಳಿದ ಯಾವುದಕ್ಕೂ ಬಳಸಬಾರದು, ಏಕೆಂದರೆ ಬೇರೆ ಎಲ್ಲ ಪಾಸ್‌ವರ್ಡುಗಳನ್ನು ಬದಲಿಸಲು ಬರುವ ಕೊಂಡಿ ಇಮೇಲಿಗೇ ಬರುತ್ತದೆ. ಅದಕ್ಕೂ ವಾಟ್ಸ್‌ಆ್ಯಪ್‌ಗೂ ಎರಡು ಹಂತದ ಪರಿಶೀಲನೆ ಹಾಕಿಡಬೇಕು.

ನಿಜವಾದ ಕರೆ ಮತ್ತು ಸಂದೇಶವನ್ನು ಗುರುತಿಸಲು ಈಗ ಕೆಲವು ಸುಳಿವುಗಳಿವೆ. ಬ್ಯಾಂಕು, ವಿಮೆಯಂಥ ಹಣಕಾಸು ಸಂಸ್ಥೆಗಳ ಸೇವಾ ಕರೆಗಳಿಗಾಗಿ 1600ರಿಂದ ಶುರುವಾಗುವ ಸಂಖ್ಯೆ ಮೀಸಲಾಗಿದೆ, ಪ್ರಚಾರದ ಕರೆಗೆ 140. ಬ್ಯಾಂಕುಗಳ ಜಾಲತಾಣಗಳು ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ 2025ರ ಅಕ್ಟೋಬರ್ ಅಂತ್ಯದೊಳಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಿ, ನಮ್ಮದಲ್ಲದ್ದನ್ನು ತೆಗೆಸಬಹುದು. ಕಳೆದುಹೋದ ಫೋನನ್ನು ಅಲ್ಲಿಂದಲೇ ಬ್ಲಾಕ್ ಮಾಡಿಸಬಹುದು. ಸಿಬಿಲ್ ಸೇರಿದಂತೆ ಸಾಲದ ಮಾಹಿತಿ ಇಡುವ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಸಾಲದ ವರದಿಯನ್ನು ಉಚಿತವಾಗಿ ಕೊಡಬೇಕು. ನಮ್ಮ ಪ್ಯಾನ್ ಬಳಸಿ ಬೇರೆ ಯಾರಾದರೂ ಸಾಲ ಪಡೆದಿದ್ದರೆ ಅದರಲ್ಲಿ ಕಾಣುತ್ತದೆ.

ಮನೆಯೊಳಗಿನ ಮಾತು ಇವೆಲ್ಲಕ್ಕಿಂತ ದೊಡ್ಡದು. ಅಪ್ಪ, ಅಮ್ಮ, ಅಜ್ಜಿಗೆ ಫೋನು ಕೊಡಿಸಿದ ಮಕ್ಕಳು, ಎಷ್ಟು ಹೊತ್ತಿಗಾದರೂ ಕೇಳಿ, ಬೈಯುವುದಿಲ್ಲ ಎಂದು ಹೇಳಿ ಹಾಗೇ ನಡೆದುಕೊಳ್ಳಬೇಕು. ಬೈಗುಳಕ್ಕೆ ಹೆದರಿ ಹೇಳದೆ ಉಳಿದ ಒಂದೊಂದು ಗಂಟೆಯೂ ವಂಚಕನ ಪಾಲಾಗುತ್ತದೆ.

ಹಣ ಹೋದ ಮೇಲೆ

ಮೊದಲ ಕೆಲಸ 1930ಕ್ಕೆ ಕರೆ ಮಾಡುವುದು. ಇದು ಗೃಹ ಸಚಿವಾಲಯದಡಿಯ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರದ ವ್ಯವಸ್ಥೆ. 2021ರಲ್ಲಿ 155260 ಎಂಬ ನಂಬರಿನಲ್ಲಿ ಶುರುವಾಗಿ ಆಮೇಲೆ 1930 ಆಯಿತು. ದೂರು ದಾಖಲಾದ ಕೂಡಲೇ ಹಣ ಹೋಗಿ ಸೇರಿದ ಖಾತೆಯ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಅಲ್ಲೇ ಇದ್ದರೆ ಅಲ್ಲಿ, ಮುಂದೆ ಹೋಗಿದ್ದರೆ ಅಲ್ಲಿ ತಡೆಹಿಡಿಯುತ್ತಾರೆ. ಹಾಗಾಗಿ ನಿಮಿಷಗಳ ಲೆಕ್ಕ. ವಹಿವಾಟಿನ ಯುಟಿಆರ್ ಸಂಖ್ಯೆ, ಸಮಯ, ಮೊತ್ತ, ನಮ್ಮ ಬ್ಯಾಂಕಿನ ಹೆಸರು ಕೈಯಲ್ಲಿರಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ವಾಟ್ಸ್‌ಆ್ಯಪ್ ಮಾತುಕತೆ, ಕರೆಯ ದಾಖಲೆಯನ್ನು ಸಿಟ್ಟಿನಲ್ಲಿ ಅಳಿಸಬಾರದು, ಅದೇ ಸಾಕ್ಷ್ಯ.

ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು. ಈಗ ಕರ್ನಾಟಕದ ಜಿಲ್ಲೆಗಳಲ್ಲಿ ಸೆನ್ ಠಾಣೆಗಳಿವೆ. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ ಮೂರನ್ನೂ ಅವು ನೋಡಿಕೊಳ್ಳುತ್ತವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಗುರುತು ಕಳವಿಗೆ, 66ಡಿ ಸೋಗು ಹಾಕಿ ವಂಚಿಸುವುದಕ್ಕೆ ಅನ್ವಯಿಸುತ್ತವೆ, ಎರಡಕ್ಕೂ ಮೂರು ವರ್ಷದವರೆಗೆ ಸೆರೆ. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ವಂಚನೆಗೆ ಏಳು ವರ್ಷದವರೆಗೂ ಶಿಕ್ಷೆ ಇದೆ. ತಡೆಹಿಡಿದ ಹಣ ವಾಪಸು ಪಡೆಯಲು ಸಾಮಾನ್ಯವಾಗಿ ನ್ಯಾಯಾಲಯದ ಆದೇಶ ತರಬೇಕಾಗುತ್ತದೆ.

ಬ್ಯಾಂಕಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಖಾತೆದಾರರ ತಪ್ಪಿಲ್ಲದೆ ಮೂರನೆಯವರಿಂದ ಅನಧಿಕೃತ ವಹಿವಾಟು ನಡೆದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವರ ಹೊಣೆ ಶೂನ್ಯ. ನಾಲ್ಕರಿಂದ ಏಳು ಕೆಲಸದ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ 10,000 ರೂಪಾಯಿ ಮೀರುವಂತಿಲ್ಲ. ಬ್ಯಾಂಕು ಹತ್ತು ಕೆಲಸದ ದಿನಗಳಲ್ಲಿ ಆ ಮೊತ್ತವನ್ನು ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನಗಳಲ್ಲಿ ದೂರು ಇತ್ಯರ್ಥ ಮಾಡಬೇಕು. ಗ್ರಾಹಕರದೇ ತಪ್ಪು ಎಂದು ಸಾಬೀತುಪಡಿಸುವ ಭಾರ ಬ್ಯಾಂಕಿನದು. ಶಾಖೆಯಲ್ಲಿ ಈ ಸುತ್ತೋಲೆಯ ದಿನಾಂಕ ಹೇಳಿ ಕೇಳಿದರೆ ಉತ್ತರದ ಧಾಟಿ ಬದಲಾಗುತ್ತದೆ. ಕಾವೇರಿ ಜಾಲತಾಣದ ಬೆರಳಚ್ಚಿನಿಂದ ಹಣ ಕಳೆದುಕೊಂಡಂಥವರಿಗೆ ಇದು ಆಸರೆ. ಆದರೆ ಬೆದರಿಕೆಗೆ ಸಿಕ್ಕಿ ತಾವೇ ಪಿನ್ ಒತ್ತಿದವರ ನೆರವಿಗೆ ಈ ಸುತ್ತೋಲೆ ಬರುವುದಿಲ್ಲ, ಮತ್ತು ಇಂದಿನ ದೊಡ್ಡ ನಷ್ಟಗಳಲ್ಲಿ ಹೆಚ್ಚಿನವು ಆ ಬಗೆಯವೇ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಇಂಥ ನಷ್ಟವನ್ನೂ 85,000 ಪೌಂಡುಗಳವರೆಗೆ ಬ್ಯಾಂಕುಗಳೇ ತುಂಬಿಕೊಡಬೇಕು. ಹಣ ಕಳಿಸಿದ ಬ್ಯಾಂಕು, ಪಡೆದ ಬ್ಯಾಂಕು ಅರ್ಧರ್ಧ ಭರಿಸಬೇಕು. ವಂಚಕನಿಗೆ ಖಾತೆ ತೆರೆದುಕೊಟ್ಟ ಬ್ಯಾಂಕಿಗೂ ಪಾಲಿದೆ ಎಂದಾದಾಗ ಬಾಡಿಗೆ ಖಾತೆಗಳ ಮೇಲೆ ಕಣ್ಣಿಡುವ ಕಾಳಜಿ ತಾನಾಗಿ ಬರುತ್ತದೆ. ಭಾರತದ ಗ್ರಾಹಕರೂ ಇದನ್ನು ಕೇಳುವುದು ನ್ಯಾಯವೇ.

ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. 14448ರಲ್ಲಿ ಮಾಹಿತಿ ಸಿಗುತ್ತದೆ. ಈ ಓಡಾಟದ ನಡುವೆ ಇನ್ನೊಂದು ಕರೆ ಬರುವ ಸಾಧ್ಯತೆಯಿದೆ. ಕಳೆದುಹೋದ ಹಣ ಮರಳಿ ಕೊಡಿಸುವ ವಕೀಲರು, ಸೈಬರ್ ತಜ್ಞರು ಎಂದು ಹೇಳಿಕೊಂಡು, ದೂರಿನ ವಿವರವನ್ನೂ ಓದಿ ಹೇಳಿ, ಕಡತದ ಖರ್ಚಿಗೆಂದು ಮುಂಗಡ ಕೇಳುತ್ತಾರೆ. ಮೋಸ ಹೋದವರ ಪಟ್ಟಿಯೂ ವಂಚಕರ ನಡುವೆ ಕೈ ಬದಲಾಗುತ್ತದೆ. 1930ರಲ್ಲಿ, ಠಾಣೆಯಲ್ಲಿ, ಓಂಬುಡ್ಸ್‌ಮನ್ ಕಚೇರಿಯಲ್ಲಿ ದೂರು ದಾಖಲಿಸಲು ಯಾರೂ ಹಣ ಕೇಳುವುದಿಲ್ಲ.